ನೂರಕ್ಕೆ ತೊಂಬತ್ತನಾಲ್ಕು: ಉಳಿದವರಾರು?

೨೦೨೫ನೆಯ ಇಸವಿಯ ಮೇ ೧೩ರಂದು ಮಹಾರಾಷ್ಟ್ರದ ಎಸ್.ಎಸ್.ಸಿ. ಮಂಡಳಿಯು ಹತ್ತನೆಯ ಇಯತ್ತೆಯ ಫಲಿತಾಂಶವನ್ನು ಪ್ರಕಟಿಸಿದಾಗ ಸಾಂತಾಕ್ರೂಜ್ ಪೂರ್ವದ ನಮ್ಮವರ ಹೋಟೆಲುಗಳಲ್ಲೆಲ್ಲ ಅದರದೇ ಮಾತು. ಇಡಿಯ ರಾಜ್ಯಕ್ಕೆ ಶೇಕಡಾ ೯೪.೧೦; ಮುಂಬಯಿ ವಿಭಾಗಕ್ಕೆ ೯೫.೮೪, ಕೊಂಕಣಕ್ಕಂತೂ ೯೮.೮೨. ಗಲ್ಲೆಯೆದುರು ಬಿಲ್ಲು ತೆರುತ್ತಿದ್ದ ಗಿರಾಕಿಯೊಬ್ಬರು, ಇನ್ನು ಮುಂದೆ ನಪಾಸಾಗುವುದಕ್ಕೇ ಟ್ಯೂಶನ್ ಬೇಕಾದೀತೆಂದು ನಗೆಯಾಡಿದರು. ನಾವೂ ನಕ್ಕೆವು. ಆದರೆ ಅದೇ ದಿನ ಅದೇ ಮಂಡಳಿಯು ಪ್ರಕಟಿಸಿದ ಇನ್ನೊಂದು ಅಂಕಿಯನ್ನು ಓದಿದ ಬಳಿಕ ನಗು ನಿಂತಿತು.

ಮೇಲಿನ ತೊಂಬತ್ತನಾಲ್ಕು, ಹಗಲು ರಾತ್ರಿಯ ಶಾಲೆಗಳಿಂದ ಮೊದಲ ಬಾರಿಗೆ ಪರೀಕ್ಷೆಗೆ ಕುಳಿತ ಕ್ರಮಾಗತ ವಿದ್ಯಾರ್ಥಿಗಳದು. ಒಮ್ಮೆ ಎಡವಿ ಪುನಃ ಕುಳಿತವರ ಲೆಕ್ಕವೇ ಬೇರೆ. ಆ ವರ್ಷ ಹಾಗೆ ಕುಳಿತವರು ೨೩,೯೫೪ ಮಂದಿ. ದಡ ಸೇರಿದವರು ೯,೪೪೮. ಎಂದರೆ ಶೇಕಡಾ ೩೯.೪೪ ಮಾತ್ರ. ಮೊದಲ ಏಟಿಗೆ ದಾಟಿದವನು ದಾಟಿದ. ಒಮ್ಮೆ ಜಾರಿದವನಿಗೆ ಎರಡನೆಯ ಸಲದ ಮೆಟ್ಟಿಲು ಎರಡರಷ್ಟು ಎತ್ತರ. ನಮ್ಮ ವಾಚಕರಲ್ಲಿ ಎಷ್ಟೋ ಮಂದಿ ಆ ಮೆಟ್ಟಿಲಿನ ಕೆಳಗೆ ನಿಂತವರು. ಊರಿನಲ್ಲಿ ಗಣಿತವೋ ಇಂಗ್ಲಿಷೋ ಕೈಕೊಟ್ಟಿತು, ಮುಂಬಯಿಯ ಬಸ್ಸು ಹತ್ತಿದರು. ಮುಂದಿನದು ಎಲ್ಲರಿಗೂ ಗೊತ್ತಿರುವ ಕತೆ.

ತೇರ್ಗಡೆಯ ಪ್ರಮಾಣವೆಂಬುದು ವಿದ್ಯೆಯ ಅಳತೆಯೇ ಎಂದು ಕೇಳಿದರೆ, ಅದು ಬಹುಮಟ್ಟಿಗೆ ನಿಯಮದ ಅಳತೆ ಎನ್ನಬೇಕಾಗುತ್ತದೆ. ಮಹಾರಾಷ್ಟ್ರದಲ್ಲಿ ೨೦೧೮ರಲ್ಲಿ ಶೇಕಡಾ ೮೯.೪೧ ಇದ್ದದ್ದು ೨೦೧೯ರಲ್ಲಿ ೭೭.೧೦ಕ್ಕೆ ಇಳಿಯಿತು, ಮರುವರ್ಷ ೯೫.೩೦ಕ್ಕೆ ನೆಗೆಯಿತು. ಒಂದು ವರ್ಷದ ಮಕ್ಕಳೆಲ್ಲ ದಡ್ಡರು, ಮರುವರ್ಷದವರೆಲ್ಲ ಜಾಣರು ಎಂದು ಯಾರೂ ನಂಬಲಾರರು. ೨೦೧೯ರಲ್ಲಿ ಭಾಷಾ ವಿಷಯಗಳಿಗೆ ಶಾಲೆಯವರೇ ಕೊಡುತ್ತಿದ್ದ ೨೦ ಅಂಕಗಳನ್ನು ತೆಗೆದುಹಾಕಲಾಗಿತ್ತು. ೨೦೨೦ಕ್ಕೆ ಅವನ್ನು ಮರಳಿಸಲಾಯಿತು. ಕರ್ನಾಟಕದಲ್ಲಿಯೂ ಇದೇ ಪರಿ. ೨೦೨೪ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾದ ಕಾವಲು ಬಂದು ಫಲಿತಾಂಶ ಕುಸಿಯಲು, ಕೃಪಾಂಕಗಳನ್ನು ಏರಿಸಿ ಶೇಕಡಾ ೭೩.೪೦ಕ್ಕೆ ತಂದರು, ೨೦೨೫ರಲ್ಲಿ ಆ ಕೃಪೆ ಇಲ್ಲದೆ ಮೊದಲ ಪರೀಕ್ಷೆಯಲ್ಲಿ ೬೨.೩೪ಕ್ಕೆ ನಿಂತಿತು. ಅದರೊಳಗೂ ದಕ್ಷಿಣ ಕನ್ನಡಕ್ಕೆ ೯೧.೧೨, ಕಲಬುರಗಿಗೆ ೪೨.೪೩. ಇಂದು ನಮ್ಮ ಹೋಟೆಲುಗಳಲ್ಲಿ ತಟ್ಟೆ ಎತ್ತುವ ಹುಡುಗರು ಈ ಎರಡು ಜಿಲ್ಲೆಗಳಲ್ಲಿ ಯಾವುದರ ಕಡೆಯವರೆಂಬುದನ್ನು ಧನಿಗಳಿಗೆ ನಾವು ಹೇಳಬೇಕಾಗಿಲ್ಲ.

ಇನ್ನು ಗಣಿತದ ಮಾತು. ಈ ರಾಜ್ಯದ ಹತ್ತನೆಯ ಇಯತ್ತೆಯಲ್ಲಿ ಗಣಿತ ಮತ್ತು ವಿಜ್ಞಾನ ಸೇರಿ ೭೦ ಅಂಕ ಬಂದರೆ, ಒಂದೊಂದರಲ್ಲೂ ೨೫ಕ್ಕೆ ಕಡಮೆಯಾಗದಿದ್ದರೆ, ತೇರ್ಗಡೆ. ಮೂರು ಭಾಷೆಗಳಿಗೂ ಇದೇ ಬಗೆ: ಒಟ್ಟು ೧೦೫, ಒಂದೊಂದರಲ್ಲಿ ಕನಿಷ್ಠ ೨೫. ಇದು ಉಪಕಾರವೇ ಹೌದು, ನಾವು ಆಕ್ಷೇಪಿಸುವುದಿಲ್ಲ. ಆದರೆ ಇಂಗ್ಲಿಷಿನಲ್ಲಿ ೨೫, ಗಣಿತದಲ್ಲಿ ೨೫ ಪಡೆದು ತೇರ್ಗಡೆಯಾದವನು ಆ ಎರಡನ್ನೂ ಕಲಿತನೆಂದು ಅರ್ಥವಲ್ಲ. ೨೦೨೩ರಲ್ಲಿ ‘ಅಸರ್’ ಸಮೀಕ್ಷೆಯವರು ದೇಶದ ೨೮ ಜಿಲ್ಲೆಗಳ ಹಳ್ಳಿಗಳಲ್ಲಿ ೧೪ರಿಂದ ೧೮ ವಯಸ್ಸಿನವರನ್ನು ಮನೆಗೇ ಹೋಗಿ ಪರೀಕ್ಷಿಸಿದರು. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ನೂರಕ್ಕೆ ೪೩.೩, ಸರಳ ಇಂಗ್ಲಿಷ್ ವಾಕ್ಯಗಳನ್ನು ಓದಬಲ್ಲವರು ೫೭.೩. ಓದಿದವರಲ್ಲಿಯೂ ಅರ್ಥ ಹೇಳಬಲ್ಲವರು ಸುಮಾರು ಮುಕ್ಕಾಲು ಪಾಲು. (ಐದನೆಯ ತರಗತಿಯಲ್ಲಿ ಎ, ಬಿ, ಸಿ, ಡಿ ತಿದ್ದಿದ ನಾವು ಇಂದಿಗೂ ಲೈಸನ್ಸಿನ ಕಾಗದವನ್ನು ಓದುತ್ತೇವೆ, ಅರ್ಥವನ್ನು ಮಾತ್ರ ವಕೀಲರಲ್ಲಿ ಕೇಳುತ್ತೇವೆ.)

ಇಷ್ಟೆಲ್ಲ ಅಂಕಿಗಳನ್ನು ಬರೆದ ಮೇಲೆ ನಮ್ಮದೊಂದು ತಪ್ಪನ್ನೂ ಬರೆಯದಿದ್ದರೆ ಅದು ವಂಚನೆಯಾದೀತು.

ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ಸಾಂತಾಕ್ರೂಜ್ ಸ್ಟೇಷನ್ನಿಗೆ ಸಮೀಪದಲ್ಲಿ ನಮ್ಮ ಹೋಟೆಲಿತ್ತು. ಅಲ್ಲಿ ಇಪ್ಪತ್ತರ ಹರೆಯದ ಸಪ್ಲಾಯರನೊಬ್ಬನಿದ್ದ. ಊರಿನಲ್ಲಿ ಶಾಲೆ ಬಿಟ್ಟು ಬಂದವನು, ಇಲ್ಲಿ ರಾತ್ರಿ ಶಾಲೆ ಸೇರಿದ್ದ. ಆರು ಮಂದಿಯ ಟೇಬಲಿನ ಲೆಕ್ಕವನ್ನು ಕಾಗದ ಮುಟ್ಟದೆ ಹೇಳುತ್ತಿದ್ದ, ಜಿ.ಎಸ್.ಟಿ.ಯ ಶೇಕಡಾ ೫ನ್ನು ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ ಎಂದು ಬಾಯಲ್ಲೇ ಬಿಡಿಸುತ್ತಿದ್ದ. ಹತ್ತನೆಯ ಇಯತ್ತೆಯ ಗಣಿತದ ಮೊದಲ ಭಾಗದಲ್ಲಿ ಈ ಜಿ.ಎಸ್.ಟಿ.ಯೇ ಪಾಠವಾಗಿದೆ. ಅದನ್ನು ಕಂಡು ಆತ ಪುಸ್ತಕವನ್ನು ಗಲ್ಲೆಗೆ ತಂದು ತೋರಿಸಿ, “ಅಣ್ಣ, ಇದರಲ್ಲಿ ನಮ್ಮ ಬಿಲ್ಲನ್ನೇ ಬರೆದಿದ್ದಾರೆ” ಎಂದು ಸಂತೋಷಪಟ್ಟದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

೨೦೧೯ರ ಮಾರ್ಚಿಯಲ್ಲಿ ಪರೀಕ್ಷೆ. ಪತ್ರಿಕೆಗಳು ಹಗಲು ಹನ್ನೊಂದಕ್ಕೆ ಆರಂಭ. ಹೋಟೆಲಿನವನಿಗೆ ಇದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿಲ್ಲ. ಇಡ್ಲಿಯ ಪಾತ್ರೆ ಇಳಿದು ಊಟದ ಎಲೆ ಬೀಳುವ ಹೊತ್ತು. ಆದರೂ ಇಂಗ್ಲಿಷಿಗೆ ರಜೆ ಕೊಟ್ಟೆವು, ಗಣಿತಕ್ಕೆ ಕೊಟ್ಟೆವು. ಕೆಲವು ದಿನ ಕಳೆದು ಆತ ಪುನಃ ಬಂದು, “ಅಣ್ಣ, ನಾಳೆ ಗಣಿತ ಉಂಟು” ಎಂದ. “ಮೊನ್ನೆ ಗಣಿತಕ್ಕೆ ಹೋಗಿದ್ದೆಯಲ್ಲ ಮಾರಾಯ, ದಿನಕ್ಕೊಂದು ಗಣಿತವೇ?” ಎಂದು ನಾವು ಗದರಿದೆವು. ಅಂದು ಇಬ್ಬರು ಬಂದಿರಲಿಲ್ಲ. ಭಟ್ಟರು ಒಳಗಿನಿಂದ ಕೂಗುತ್ತಿದ್ದರು. ಆತ ಎದುರಾಡಲಿಲ್ಲ. ಮರುದಿನ ಹನ್ನೊಂದಕ್ಕೆ ಎಂದಿನಂತೆ ಟೇಬಲು ಒರೆಸುತ್ತಿದ್ದ.

ನಾವು ಊರಿನಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವರು. ಅಲ್ಲಿ ಗಣಿತಕ್ಕೆ ಒಂದೇ ಪತ್ರಿಕೆ, ಒಂದೇ ದಿನ. ಈ ರಾಜ್ಯದಲ್ಲಿ ಗಣಿತವು ಎರಡು ಭಾಗ: ಒಂದು ದಿನ ಬೀಜಗಣಿತ, ಇನ್ನೊಂದು ದಿನ ರೇಖಾಗಣಿತ, ತಲಾ ೪೦ ಅಂಕ, ತಲಾ ಎರಡು ಗಂಟೆ, ಶಾಲೆಯವರದು ೨೦. ಈ ಸಂಗತಿ ನಮಗೆ ತಿಳಿದದ್ದು ಜೂನಿನಲ್ಲಿ, ಫಲಿತಾಂಶ ಬಂದ ಬಳಿಕ. ಬೀಜಗಣಿತದ ಅಂಕವೂ ಶಾಲೆಯವರು ಕೊಟ್ಟ ಅಂಕವೂ ಸೇರಿ ಸಾಲದಾದುವು. ಇಂಗ್ಲಿಷಿನಲ್ಲಿ ಆತ ಪಾರಾಗಿದ್ದ, ಅದೂ ಶಾಲೆಯ ೨೦ ಅಂಕಗಳ ಆಸರೆಯಿಲ್ಲದ ಆ ವರ್ಷದಲ್ಲಿ! ಪೂರಕ ಪರೀಕ್ಷೆಯ ಫಾರ್ಮು ತುಂಬಲು ನಾವೇ ಹಣ ಕೊಡುತ್ತೇವೆಂದರೂ ಆತ, “ಇರಲಿ ಅಣ್ಣ, ಬರುವ ವರ್ಷ ನೋಡುವ” ಎಂದ. ದೀಪಾವಳಿಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ೨೦೧೯ರ ಶೇಕಡಾ ೭೭.೧೦ರ ಹೊರಗೆ ಉಳಿದವರಲ್ಲಿ ಆತನೂ ಒಬ್ಬ. ಭಾಷೆಯ ಅಂಕ ತೆಗೆದ ಮಂಡಳಿಯನ್ನು ಎಲ್ಲರೂ ಬೈದರು. ಆತನನ್ನು ಹೊರಗೆ ಉಳಿಸಿದ್ದು ಮಂಡಳಿಯಲ್ಲ.

ಈ ನಗರದಲ್ಲಿ ನಮ್ಮ ಹಿರಿಯರಿಗೆ ಇಂತಹ ಅಜ್ಞಾನವಿರಲಿಲ್ಲ. ೧೮೫೫ರಲ್ಲಿ ಪುಣೆಯಲ್ಲಿ ಫುಲೆ ದಂಪತಿಗಳು ದುಡಿಯುವವರಿಗಾಗಿ ರಾತ್ರಿ ಶಾಲೆ ತೆರೆದಿದ್ದರಷ್ಟೆ. ಆ ದಾರಿಯಲ್ಲೇ ಇಲ್ಲಿ ೧೯೦೨ರ ಮೊಗವೀರ ವ್ಯವಸ್ಥಾಪಕ ಮಂಡಳಿ, ೧೯೨೭ರ ಬಂಟರ ಸಂಘ, ನಮ್ಮ ಸಾಂತಾಕ್ರೂಜ್‌ನಲ್ಲೇ ಭವನವುಳ್ಳ ಬಿಲ್ಲವರ ಅಸೋಸಿಯೇಶನ್ ಮುಂತಾದ ಸಂಸ್ಥೆಗಳು ರಾತ್ರಿ ಶಾಲೆಗಳನ್ನು ನಡೆಸಿದುವು. ಹಗಲು ಲೋಟ ತೊಳೆದು ರಾತ್ರಿ ಕಲಿತವರು ಬ್ಯಾಂಕಿನಲ್ಲಿ ಗುಮಾಸ್ತರಾದರು, ವಕೀಲರಾದರು. ಶಾಲೆಗಳು ಇಂದು ಬಡಕಲಾಗಿವೆ. ೨೦೧೭ರಲ್ಲಿ ಸರಕಾರವು ಹಗಲು ಶಾಲೆಯಲ್ಲೂ ದುಡಿಯುತ್ತಿದ್ದ ಶಿಕ್ಷಕರನ್ನು ರಾತ್ರಿ ಶಾಲೆಗಳಿಂದ ಬಿಡಿಸಿದಾಗ ಅನುಭವಸ್ಥರನೇಕರು ಹೊರಬಿದ್ದರು. ಅದು ಸರಕಾರದ ಪಾಡು. ಹನ್ನೊಂದು ಗಂಟೆಯ ರಜೆಯಾದರೋ ನಮ್ಮ ಕೈಯಲ್ಲಿದೆ.

ಶಾಲೆಗೆ ಹೋಗಲಾಗದವರು ೧೭ನೆಯ ನಮೂನೆಯ ಅರ್ಜಿ ತುಂಬಿ ಖಾಸಗಿಯಾಗಿಯೂ ಕುಳಿತುಕೊಳ್ಳಬಹುದು. ೨೦೨೫ರಲ್ಲಿ ಹಾಗೆ ಕುಳಿತವರಲ್ಲಿ ನೂರಕ್ಕೆ ೮೦ ಮಂದಿ ತೇರ್ಗಡೆಯಾದರು. ಆದುದರಿಂದ ದುಡಿಯುವವನಿಂದ ಆಗದ ಕೆಲಸವಿದೆಂದು ಯಾರೂ ಹೇಳಬಾರದು. ಗಣಿತಕ್ಕೆ ಎರಡು ದಿನ, ಇಂಗ್ಲಿಷಿಗೆ ಒಂದು ದಿನ: ಈ ಮೂರು ದಿನ ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಹುಡುಗನನ್ನು ಬಿಟ್ಟುಕೊಡಬೇಕೆಂದು ಧನಿಗಳಲ್ಲಿ ನಮ್ಮ ವಿನಂತಿ. ಉಳಿದ ವಿಷಯಗಳಿಗೂ ಕೊಟ್ಟರೆ ಪುಣ್ಯ. ಮಂಡಳಿಯ ವೇಳಾಪಟ್ಟಿ ಹೊರಬಿದ್ದೊಡನೆ, ಗಣಿತದ ಎರಡು ದಿನಗಳನ್ನೂ ದಪ್ಪ ಅಕ್ಷರಗಳಲ್ಲಿಟ್ಟು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ; ಕತ್ತರಿಸಿ ಗಲ್ಲೆಯ ಮೇಲಿನ ಗೋಡೆಗೆ, ದೇವರ ಪಟದ ಪಕ್ಕದಲ್ಲಿ, ಅಂಟಿಸಿಕೊಳ್ಳಬಹುದು.