ಅಕ್ಕ ಹೊಲಿದ ಕಾಲರ್

ನಮ್ಮೂರು ಹಾನಗಲ್ಲ ತಾಲ್ಲೂಕಿನ ಆಡೂರು. ಗೋವಿನಜೋಳ ಕೈಕೊಟ್ಟ ವರ್ಷ ನಮ್ಮ ಅಕ್ಕ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ದುಡಿಯಲು ಹೋದಳು. ಆಗ ನಾನು ಆರನೇ ಇಯತ್ತೆ. ದೀಪಾವಳಿಗೆ ಬಂದಾಗ ಕೇಳಿದೆ:

‘ಅಕ್ಕಾ, ದಿನಾ ಎಷ್ಟ ಅಂಗಿ ಹೊಲೀತಿ?’

ಅವಳು ನಕ್ಕಳು. ‘ಪೂರ್ತಿ ಅಂಗಿ ಎಲ್ಲೀದೋ? ನಂದು ಬರೇ ಕಾಲರ್. ತೋಳು ಒಬ್ಬಾಕಿ, ಕಿಸೆ ಇನ್ನೊಬ್ಬಾಕಿ. ತಾಸಿಗೆ ಇಷ್ಟು ಅಂತ ಲೆಕ್ಕ. ನೀರು ಕುಡಿಯಾಕ ಎದ್ರೂ ಸೂಪರ್‌ವೈಸರ್ ಕಣ್ಣು ನಮ್ಮ ಮ್ಯಾಲೆ.’

ಆ ಸಂಬಳದಿಂದಲೇ ನಮ್ಮ ಮನೆಗೆ ಹೊಸ ಹೆಂಚು ಬಂತು, ನನ್ನ ಕಾಲೇಜು ಫೀ ಕಟ್ಟಿದ್ದಾಯಿತು. ಬಡತನದಿಂದ ಮೇಲೆದ್ದ ಎಷ್ಟೋ ದೇಶಗಳು ಮೊದಲು ಹಿಡಿದದ್ದು ಬಟ್ಟೆಯ ಕೆಲಸವನ್ನೇ. ಇದಕ್ಕೆ ದೊಡ್ಡ ಓದು ಬೇಡ. ಹೊಲಿಗೆ ಕಲಿತರೆ ಹಳ್ಳಿಯ ಹೆಣ್ಣುಮಗಳ ಕೈಗೂ ತಿಂಗಳ ಸಂಬಳ ಬರುತ್ತದೆ. ಬಾಂಗ್ಲಾದೇಶವನ್ನೇ ನೋಡಿ. ಅದರ ರಫ್ತಿನ ಗಳಿಕೆಯಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಸಿದ್ಧ ಉಡುಪಿನದು.

ಆದರೆ ಅಲ್ಲಿಯೇ, 2013ರ ಏಪ್ರಿಲ್ 24ರಂದು, ಢಾಕಾ ಸಮೀಪದ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಆದರೂ ಹೊಲಿಯುವವರನ್ನು ಒಳಗೆ ಕಳಿಸಿದ್ದರು.

ನಮ್ಮಲ್ಲಿ 2016ರಲ್ಲಿ ಬೇರೆಯದೇ ಬಿರುಕು ಕಾಣಿಸಿತು. ಭವಿಷ್ಯ ನಿಧಿಗೆ ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವವರೆಗೆ ಕೈಗೆ ಸಿಗದೆಂದು ಕೇಂದ್ರ ಸರ್ಕಾರ ನಿಯಮ ಮಾಡಿತು. ಗಾರ್ಮೆಂಟ್ಸ್‌ನಲ್ಲಿ ಅಷ್ಟು ವಯಸ್ಸಿನವರೆಗೆ ಕಣ್ಣು, ಬೆನ್ನು ಸವೆಸಿಕೊಂಡು ಉಳಿಯುವವರು ಎಷ್ಟು ಮಂದಿ? ನಡುವೆ ಕೆಲಸ ಬಿಟ್ಟವರಿಗೆ ಆ ಹಣವೇ ಆಸ್ಪತ್ರೆ ಖರ್ಚು, ಮಕ್ಕಳ ಓದು. ಏಪ್ರಿಲ್ 18ರಂದು ಸಾವಿರಾರು ಹೆಣ್ಣುಮಕ್ಕಳು ಬೆಂಗಳೂರಿನ ಹೊಸೂರು ರಸ್ತೆಗೆ ಇಳಿದರು. ಮರುದಿನ ಕಲ್ಲು ತೂರಾಟ, ಲಾಠಿ, ಬಸ್‌ಗಳಿಗೆ ಬೆಂಕಿ. ಅಂದೇ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು.

ಮೊದಲ ದಿನದ ಗುಂಪಿನಲ್ಲಿ ಅಕ್ಕನೂ ಇದ್ದಳು. ‘ಅಂಜಿಕಿ ಬರಲಿಲ್ಲೇನ?’ ಎಂದೆ.

‘ಬಂತು. ಆದ್ರ ಅದು ನನ್ನ ರೊಕ್ಕ.’

ಬಟ್ಟೆ ಕೊಳ್ಳುವಾಗ ನಮ್ಮವ್ವ ಮೊದಲು ಕೇಳುವುದು, ‘ಬಾಳಿಕೆ ಬರ್ತೈತೇನು?’ ಎಂದು. ದೇಶದ ಬೆಳವಣಿಗೆಗೂ ಅದೇ ಪ್ರಶ್ನೆ ಕೇಳಬೇಕು. ಹೊಲಿದವಳ ಜೀವ ಮತ್ತು ಅವಳ ಉಳಿತಾಯ ಎರಡೂ ಭದ್ರವಾಗಿದ್ದರೆ ಮಾತ್ರ ಅದು ಬಾಳಿಕೆ ಬರುತ್ತದೆ.

ಮಕ್ಕಳೇ, ನಿಮ್ಮ ಅಂಗಿಯ ಕಾಲರ್ ಒಮ್ಮೆ ಮಗುಚಿ ನೋಡಿ. ಆ ಸಣ್ಣ ಹೊಲಿಗೆಯ ಹಿಂದೆ ಯಾರದೋ ಅಕ್ಕ ಇದ್ದಾಳೆ.

ನಮ್ಮ ಅಕ್ಕ ಈಗ ಊರಿಗೆ ಮರಳಿದ್ದಾಳೆ. ಆ ಭವಿಷ್ಯ ನಿಧಿಯ ಹಣದಲ್ಲಿ ಹೊಲಿಗೆ ಯಂತ್ರ ಕೊಂಡು ಪಡಸಾಲೆಯಲ್ಲಿ ಇಟ್ಟುಕೊಂಡಿದ್ದಾಳೆ. ಈಗ ಪೂರ್ತಿ ಅಂಗಿಯನ್ನು ಅವಳೇ ಹೊಲಿಯುತ್ತಾಳೆ.