ಹಾಲಿನ ಪಾತ್ರೆ ನಿಜವಾಗಿ ಶುದ್ಧವಾಯಿತೇ? ಪರೀಕ್ಷಿಸಿ ನೋಡುವ ಕ್ರಮ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಸನವಳ್ಳಿ ಮತ್ತು ಸುತ್ತಲಿನ ಊರುಗಳು ಮಲೆನಾಡಿನ ಸೆರಗು ಬಯಲುಸೀಮೆಗೆ ತಾಗುವ ಪ್ರದೇಶದಲ್ಲಿವೆ. ಭತ್ತ, ಗೋವಿನಜೋಳಗಳ ಜೊತೆಗೆ ಒಂದೆರಡು ಹಸು ಎಮ್ಮೆಗಳನ್ನು ಕಟ್ಟಿಕೊಂಡಿರುವ ಕುಟುಂಬಗಳಿಗೆ ಹಾಲು ದಿನನಿತ್ಯದ ಕೈಗಾಸು. ಇಂಥ ಊರುಗಳಲ್ಲಿ ಹಾಲು ಸಂಘಕ್ಕೆ ಬಂದರೆ ಹತ್ತಾರು ಮನೆಗಳ ಹಾಲು ಒಂದೇ ಕ್ಯಾನಿನಲ್ಲಿ ಕೂಡುತ್ತದೆ. ಒಬ್ಬರ ಪಾತ್ರೆ ಕೊಳೆಯಾಗಿದ್ದರೂ ಕ್ಯಾನಿನ ಹಾಲೆಲ್ಲ ಹುಳಿಯಬಹುದು. ಡೇರಿಯಿಂದ ಆ ಕ್ಯಾನು ಹಿಂದಿರುಗಿದರೆ ಶುದ್ಧ ಹಾಲು ಹಾಕಿದವರಿಗೂ ನಷ್ಟ ತಪ್ಪದು.

ಆದ್ದರಿಂದ ಪಾತ್ರೆ ತೊಳೆಯುವುದು ಮನೆಗೆಲಸವಷ್ಟೇ ಅಲ್ಲ, ಊರಿನ ಕೆಲಸವೂ ಹೌದು. ಆದರೆ ಫಳಫಳ ಹೊಳೆಯುವ ಪಾತ್ರೆಯೆಲ್ಲ ಶುದ್ಧವೆಂದು ತಿಳಿಯಬಾರದು. ಸೂಕ್ಷ್ಮಾಣುಗಳು ಕಣ್ಣಿಗೆ ಕಾಣುವುದಿಲ್ಲ. ತೊಳೆದದ್ದರಿಂದ ಅವು ಎಷ್ಟು ಕಡಿಮೆಯಾದವು ಎಂಬುದನ್ನು ಪರೀಕ್ಷೆಯಿಂದಲೇ ತಿಳಿಯಬೇಕು.

ಹೋಲಿಸಿ ನೋಡುವುದೇ ಪರೀಕ್ಷೆಯ ತಿರುಳು

1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಡಾ. ಸೆಮ್ಮೆಲ್‌ವೈಸ್ ಎಂಬ ವೈದ್ಯರು ಈ ಮಾರ್ಗವನ್ನು ತೋರಿಸಿಕೊಟ್ಟರು. ಆ ವರ್ಷದ ಏಪ್ರಿಲ್‌ನಲ್ಲಿ ಅವರ ವಿಭಾಗದ ಬಾಣಂತಿಯರಲ್ಲಿ ನೂರಕ್ಕೆ ಸುಮಾರು 18 ಮಂದಿ ತೀರಿಕೊಂಡಿದ್ದರು. ಮೇ ತಿಂಗಳಲ್ಲಿ ವೈದ್ಯರೆಲ್ಲರೂ ಕ್ಲೋರಿನ್ ಕೂಡಿದ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮ ಬಂದಿತು. ಜೂನ್‌ನಲ್ಲಿ ಸಾವು ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ತೊಳೆಯುವ ಮೊದಲು ಎಷ್ಟು, ತೊಳೆದ ಮೇಲೆ ಎಷ್ಟು ಎಂದು ಲೆಕ್ಕವಿಟ್ಟದ್ದರಿಂದಲೇ ಉಪಾಯದ ಬೆಲೆ ತಿಳಿಯಿತು. ಅಂದು ಬಳಸಿದ ವಸ್ತು ಇಂದು ನಮ್ಮ ಅಂಗಡಿಗಳಲ್ಲಿ ದೊರೆಯುವ ಬ್ಲೀಚಿಂಗ್ ಪೌಡರಿನ ಜಾತಿಯದೇ.

ಶೇಕಡಾ ಲೆಕ್ಕದ ಮೋಸ

ಪಾತ್ರೆಯಲ್ಲಿ 10 ಲಕ್ಷ ಸೂಕ್ಷ್ಮಾಣುಗಳಿವೆ ಎಂದಿಟ್ಟುಕೊಳ್ಳೋಣ. ತೊಳೆದದ್ದರಿಂದ ಶೇಕಡಾ 90ರಷ್ಟು ಹೋದರೆ ಉಳಿಯುವುದು 1 ಲಕ್ಷ. ಶೇಕಡಾ 99 ಹೋದರೆ 10 ಸಾವಿರ. ಶೇಕಡಾ 99.9 ಹೋದರೆ 1 ಸಾವಿರ. ಕೇಳಲು 90ಕ್ಕೂ 99.9ಕ್ಕೂ ಹೆಚ್ಚು ಅಂತರವಿಲ್ಲ. ಉಳಿಕೆಯಲ್ಲಿ ನೂರು ಪಟ್ಟು ಅಂತರವಿದೆ.

ಬೆಚ್ಚಗಿನ ಹಾಲಿನಲ್ಲಿ ಇವು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೆ, ಉಳಿದ 1 ಸಾವಿರವು ಮತ್ತೆ 10 ಲಕ್ಷವಾಗಲು ಸುಮಾರು 5 ಗಂಟೆ ಬೇಕು. 1 ಲಕ್ಷ ಉಳಿದಿದ್ದರೆ 2 ಗಂಟೆ ತುಂಬುವ ಮೊದಲೇ ಆ ಸಂಖ್ಯೆ ಮುಟ್ಟುತ್ತದೆ. ಹಾಲು ಡೇರಿ ಸೇರುವುದೋ ದಾರಿಯಲ್ಲೇ ಒಡೆಯುವುದೋ ಎಂಬುದು ಈ ಮೂರು ಗಂಟೆಗಳ ಮೇಲೆ ನಿಂತಿದೆ.

ತೊಳೆಯುವ ಸರಿಯಾದ ಕ್ರಮ

1. ಹಾಲು ಬಗ್ಗಿಸಿದ ಕೂಡಲೇ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಿಂದ ಗಲಬರಿಸಬೇಕು. ಮೊದಲೇ ಕುದಿನೀರು ಹಾಕಿದರೆ ಹಾಲಿನ ಸಸಾರಜನಕ ಪಾತ್ರೆಗೆ ಕಚ್ಚಿಕೊಳ್ಳುತ್ತದೆ.

2. ಸ್ಟೀಲ್ ಪಾತ್ರೆಯಾದರೆ ಒಂದು ಲೀಟರ್ ಬಿಸಿನೀರಿಗೆ 10 ಗ್ರಾಂ ವಾಷಿಂಗ್ ಸೋಡಾ ಬೆರೆಸಿ ಬ್ರಶ್ಶಿನಿಂದ ಉಜ್ಜಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಈ ಸೋಡಾ ತಿನ್ನುವುದರಿಂದ ಅದಕ್ಕೆ ಸೌಮ್ಯವಾದ ತೊಳೆಯುವ ಪುಡಿ ಉತ್ತಮ. ಮಣ್ಣಿನಿಂದ ತಿಕ್ಕುವುದನ್ನು ಬಿಡಬೇಕು. ಮಣ್ಣಿನಲ್ಲಿರುವ ಕೆಲವು ದುಂಡಾಣುಗಳ ಬೀಜಕಣಗಳು ಕುದಿನೀರಿಗೂ ಸಾಯುವುದಿಲ್ಲ. ಸದಾ ಒದ್ದೆಯಾಗಿರುವ ತೆಂಗಿನ ನಾರೂ ಸೂಕ್ಷ್ಮಾಣುಗಳ ತವರೇ. ಮುಚ್ಚಳದ ಅಂಚು, ಹಿಡಿಕೆಯ ಸಂದುಗಳನ್ನು ಮರೆಯಬಾರದು.

3. ಶುದ್ಧ ನೀರಿನಿಂದ ತೊಳೆದ ಮೇಲೆ ಬ್ಲೀಚಿಂಗ್ ಪೌಡರಿನ ತಿಳಿನೀರು ಆಡಿಸಿ, ಎರಡು ನಿಮಿಷ ಬಿಟ್ಟು ಚೆಲ್ಲಬೇಕು. ಶೇಕಡಾ 25 ಕ್ಲೋರಿನ್ ಇರುವ ಪುಡಿಯಾದರೆ 10 ಲೀಟರ್ ನೀರಿಗೆ 8 ಗ್ರಾಂ ಸಾಕು. ಜಿಡ್ಡು ಉಳಿದಿದ್ದರೆ ಕ್ಲೋರಿನ್ ಆ ಜಿಡ್ಡಿನ ಮೇಲೆಯೇ ವ್ಯಯವಾಗುತ್ತದೆ. ಆದಕಾರಣ ಮೊದಲು ಉಜ್ಜುವುದು, ಆಮೇಲೆ ಕ್ಲೋರಿನ್. ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿ, ತಂಪಾದ ಕತ್ತಲೆ ಸ್ಥಳದಲ್ಲಿಡಬೇಕು. ಹಳೆಯ ಪುಡಿಗೆ ಶಕ್ತಿ ಇರುವುದಿಲ್ಲ. ಶೌಚಾಲಯ ತೊಳೆಯುವ ಆಮ್ಲದೊಂದಿಗೆ ಇದನ್ನು ಎಂದಿಗೂ ಬೆರೆಸಬಾರದು, ವಿಷಾನಿಲ ಏಳುತ್ತದೆ.

4. ಪಾತ್ರೆಯನ್ನು ಬೋರಲಾಗಿ ಅಟ್ಟಣಿಗೆಯ ಮೇಲಿಟ್ಟು ಒಣಗಿಸಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಬಿಸಿಲು ಅಪರೂಪ. ಆಗ ಒಲೆಯ ಬಿಸಿ ತಾಗುವ, ಹೊಗೆ ತಾಗದ ಜಾಗ ಆರಿಸಿರಿ. ಒದ್ದೆ ಪಾತ್ರೆಗೆ ಮುಚ್ಚಳ ಹಾಕಿಟ್ಟರೆ ರಾತ್ರಿಯಿಡೀ ಸೂಕ್ಷ್ಮಾಣುಗಳು ಬೆಳೆಯುತ್ತವೆ.

ಸಂಘದಲ್ಲೇ ಮಾಡಬಹುದಾದ ನೀಲಿ ಬಣ್ಣದ ಪರೀಕ್ಷೆ

ಮೆಥಿಲೀನ್ ಬ್ಲೂ ಎಂಬ ಬಣ್ಣವನ್ನು ಹಾಲಿಗೆ ಹಾಕಿದರೆ ಹಾಲು ನೀಲಿಯಾಗುತ್ತದೆ. ಸೂಕ್ಷ್ಮಾಣುಗಳು ಹಾಲಿನಲ್ಲಿರುವ ಆಮ್ಲಜನಕವನ್ನು ಬಳಸಿದಂತೆ ನೀಲಿ ಮಾಯವಾಗುತ್ತದೆ. ಬೇಗ ಬಿಳುಪಾದರೆ ಸೂಕ್ಷ್ಮಾಣು ಹೆಚ್ಚು, ತಡವಾದರೆ ಕಡಿಮೆ. 10 ಮಿ.ಲೀ. ಹಸಿ ಹಾಲಿಗೆ 1 ಮಿ.ಲೀ. ಬಣ್ಣದ ದ್ರಾವಣ ಬೆರೆಸಿ 37 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿಟ್ಟಾಗ, 5 ಗಂಟೆ ಅಥವಾ ಹೆಚ್ಚು ಕಾಲ ನೀಲಿ ಉಳಿದರೆ ಹಾಲು ಅತ್ಯುತ್ತಮ. 3ರಿಂದ 4 ಗಂಟೆಯಾದರೆ ಉತ್ತಮ. 1ರಿಂದ 2 ಗಂಟೆಯಾದರೆ ಸಾಧಾರಣ. ಅರ್ಧ ಗಂಟೆಯೊಳಗೆ ಬಿಳುಪಾದರೆ ಕಳಪೆ.

ಇದೇ ಬಣ್ಣದಿಂದ ತೊಳೆಯುವ ವಿಧಾನಗಳನ್ನೂ ಹೋಲಿಸಬಹುದು. ಒಂದೇ ಅಳತೆಯ ಆರು ಸ್ಟೀಲ್ ಪಾತ್ರೆಗಳಲ್ಲಿ ಒಂದೇ ಹಾಲನ್ನು ಒಂದೇ ಅವಧಿ ಇಟ್ಟು ಖಾಲಿ ಮಾಡಿರಿ. ಎರಡನ್ನು ಬರೀ ತಣ್ಣೀರಿನಿಂದ, ಎರಡನ್ನು ಸೋಡಾ ಮತ್ತು ಬ್ರಶ್ಶಿನಿಂದ, ಇನ್ನೆರಡನ್ನು ಮೇಲೆ ಹೇಳಿದ ಪೂರ್ಣ ಕ್ರಮದಲ್ಲಿ ತೊಳೆದು ರಾತ್ರಿ ಬೋರಲಿಡಿರಿ. ಬೆಳಿಗ್ಗೆ ಎಲ್ಲ ಆರನ್ನೂ ಕುದಿಸಿ ಆರಿಸಿದ ನೀರಿನಿಂದ ಒಮ್ಮೆ ಸಮನಾಗಿ ಗಲಬರಿಸಿ ಚೆಲ್ಲಿರಿ. ಉಳಿದ ಕ್ಲೋರಿನ್ ಫಲಿತಾಂಶ ಕೆಡಿಸಬಾರದು. ನಂತರ ಕುದಿಸಿ ಆರಿಸಿದ ಹಾಲನ್ನು ಪ್ರತಿಯೊಂದಕ್ಕೂ ಸಮನಾಗಿ ಹಾಕಿ ಚೆನ್ನಾಗಿ ಆಡಿಸಿ, 10 ಮಿ.ಲೀ.ನಂತೆ ಕುದಿಸಿದ ಗಾಜಿನ ನಳಿಕೆಗಳಿಗೆ ತೆಗೆದು ಬಣ್ಣ ಬೆರೆಸಿ ಬಿಸಿಲು ತಾಗದಂತೆ ಇಡಿರಿ. ಯಾವ ಪಾತ್ರೆಯನ್ನೂ ಮುಟ್ಟದ ಅದೇ ಹಾಲಿನ ಏಳನೆಯ ನಳಿಕೆಯೂ ಇರಲಿ. ಅದು ಉಳಿದವುಗಳಷ್ಟೇ ಬೇಗ ಬಿಳುಪಾದರೆ ಪರೀಕ್ಷೆ ಕೆಟ್ಟಿತೆಂದು ತಿಳಿದು ಮತ್ತೆ ಮಾಡಬೇಕು.

ಇಲ್ಲಿ ಕುದಿಸಿದ ಹಾಲು ಬಳಸಿರುವುದರಿಂದ ಮೇಲಿನ ಗಂಟೆಗಳ ದರ್ಜೆ ಅನ್ವಯಿಸುವುದಿಲ್ಲ. ಯಾವುದು ಮೊದಲು, ಯಾವುದು ಕೊನೆ ಎಂಬುದಷ್ಟೇ ಮುಖ್ಯ. ನಳಿಕೆಗಳಿಗೆ ಅಂಕಿ ಮಾತ್ರ ಹಾಕಿ, ಬಣ್ಣ ನೋಡುವವರಿಗೆ ಯಾವುದು ಯಾರ ಪಾತ್ರೆ ಎಂದು ತಿಳಿಸಬೇಡಿರಿ. ಮನಸ್ಸು ತನಗೆ ಬೇಕಾದುದನ್ನೇ ಕಾಣುತ್ತದೆ. ಮೂರು ಬೇರೆ ದಿನ ಮಾಡಿ, ಮೂರೂ ದಿನ ಒಂದೇ ಉತ್ತರ ಬಂದರೆ ನಂಬಿರಿ. ಚುಚ್ಚುಮದ್ದು ಪಡೆಯುತ್ತಿರುವ ಹಸುವಿನ ಹಾಲು ಬಳಸಬಾರದು. ಔಷಧದ ಅಂಶ ಸೂಕ್ಷ್ಮಾಣುಗಳನ್ನು ತಡೆದು ಸುಳ್ಳು ಉತ್ತರ ಕೊಡುತ್ತದೆ. ಬಣ್ಣ ಬೆರೆಸಿದ ಹಾಲನ್ನು ಚೆಲ್ಲಿಬಿಡಬೇಕು.

ಹತ್ತು ಜನರ ಕೈ ತಾಗುವ ಜಾಗಗಳು

ಸಂಘದ ಕಟ್ಟೆ, ತೂಕದ ಯಂತ್ರ, ಬೋರ್‌ವೆಲ್ ಪಂಪಿನ ಹಿಡಿಕೆ ಇವುಗಳ ಪರೀಕ್ಷೆಗೆ ಪ್ರಯೋಗಾಲಯ ಬೇಕು. ಕಟ್ಟೆಯಂಥ ಸಮತಟ್ಟು ಜಾಗದಲ್ಲಿ 10 ಸೆಂ.ಮೀ. ಉದ್ದಗಲದ ಚೌಕವನ್ನು ಶುದ್ಧ ಹತ್ತಿಯ ಕಡ್ಡಿಯಿಂದ ಒರೆಸಿ, ಆ ಕಡ್ಡಿಯನ್ನು 10 ಮಿ.ಲೀ. ದ್ರಾವಣದಲ್ಲಿ ಆಡಿಸುತ್ತಾರೆ. ಅದರ 1 ಮಿ.ಲೀ.ಯನ್ನು ಪೋಷಕ ಮಾಧ್ಯಮದಲ್ಲಿ ಬೆಳೆಸಿ ಎದ್ದ ಚುಕ್ಕೆಗಳನ್ನು ಎಣಿಸುತ್ತಾರೆ. ಉದಾಹರಣೆಗೆ, 40 ಚುಕ್ಕೆ ಎದ್ದರೆ ಆ ಚೌಕದಲ್ಲಿ 400, ಅಂದರೆ ಚದರ ಸೆಂ.ಮೀ.ಗೆ 4. ತೊಳೆಯುವ ಮೊದಲು ಒಂದು ಚೌಕ, ತೊಳೆದ ಮೇಲೆ ಅದರ ಪಕ್ಕದ ಚೌಕ ತೆಗೆಯಬೇಕು. ಕ್ಲೋರಿನ್ ಬಳಸಿದ್ದರೆ ದ್ರಾವಣಕ್ಕೆ ಸೋಡಿಯಂ ಥಯೋಸಲ್ಫೇಟ್ ಸೇರಿಸಿ ಅದರ ಕೆಲಸ ನಿಲ್ಲಿಸಬೇಕು. ಇಲ್ಲದಿದ್ದರೆ ಕಡ್ಡಿಯೊಂದಿಗೆ ಬಂದ ಕ್ಲೋರಿನ್ ಬಾಟಲಿಯೊಳಗೂ ಕೊಲ್ಲುತ್ತಾ ಹೋಗಿ, ತೊಳೆದದ್ದು ಇದ್ದುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ವಿಸ್ತರಣಾ ಕಾರ್ಯಕರ್ತರು ನೀಲಿ ಬಣ್ಣದ ಪರೀಕ್ಷೆಯನ್ನು ಸಂಘದ ಸದಸ್ಯರೆದುರು, ವಿಶೇಷವಾಗಿ ಪಾತ್ರೆ ತೊಳೆಯುವ ಹೆಣ್ಣುಮಕ್ಕಳೆದುರು, ಮಾಡಿ ತೋರಿಸಬೇಕು. ಬ್ರಶ್ಶು, ಸೋಡಾ ಮತ್ತು ಬ್ಲೀಚಿಂಗ್ ಪೌಡರಿನ ಖರ್ಚು ಒಂದು ಕ್ಯಾನು ಹಾಲಿನ ಬೆಲೆಯ ಮುಂದೆ ಅತ್ಯಲ್ಪ. ಬಣ್ಣ, ನಳಿಕೆ ಹಾಗೂ ಹೆಚ್ಚಿನ ತಿಳಿವಳಿಕೆಗಾಗಿ ನಿಮ್ಮ ಹಾಲು ಒಕ್ಕೂಟದ ಮೇಲ್ವಿಚಾರಕರನ್ನಾಗಲಿ, ಶಿರಸಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ವಿಚಾರಿಸಿರಿ.