ರಿವರ್ಸ್ ಗೇರಿನ ರೇಖಾಗಣಿತ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರಸ್ತೆಗಳೆಲ್ಲ ಟ್ರ್ಯಾಕ್ಟರುಗಳ ಪಾಲು. ಮೇಲವಂಕಿಯ ಸುತ್ತಮುತ್ತ ಕಡಿದ ಕಬ್ಬು ಸಂಗನಕೇರಿಯ ಘಟಪ್ರಭಾ ಸಹಕಾರಿ ಕಾರ್ಖಾನೆಗೋ ಹುಣಶ್ಯಾಳ ಪಿ.ಜಿ.ಯ ಸತೀಶ್ ಶುಗರ್ಸ್‌ಗೋ ಹೋದರೆ, ಹುಕ್ಕೇರಿ ಸೀಮೆಯದು ಸಂಕೇಶ್ವರದ ಹಿರಣ್ಯಕೇಶಿಯ ದಾರಿ ಹಿಡಿಯುತ್ತದೆ. ಮುಂದೆ ಒಂದು ಇಂಜಿನ್, ಹಿಂದೆ ಎರಡು ಟ್ರೇಲರ್. ಆಳೆತ್ತರ ಮೀರಿದ ಹೇರು ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ. ಆದರೆ ಡ್ರೈವರನ ಕಸುಬು ಗೊತ್ತಾಗುವುದು ಡಾಂಬರು ರಸ್ತೆಯ ಮೇಲಲ್ಲ. ಬದುವಿಗೂ ಕಾಲುವೆಗೂ ನಡುವೆ ಉಳಿದ ಇಕ್ಕಟ್ಟಿನ ದಾರಿಯಲ್ಲಿ ಖಾಲಿ ಟ್ರೇಲರನ್ನು ಹಿಂದಕ್ಕೆ ತಂದು, ಕಡಿಯುವ ಗ್ಯಾಂಗಿನ ಮುಂದೆ ನೆಟ್ಟಗೆ ನಿಲ್ಲಿಸುವಾಗ ಅದು ಗೊತ್ತಾಗುತ್ತದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಜಾತ್ರೆಗಳಲ್ಲಿ ಇದೇ ಕಸುಬು ಸ್ಪರ್ಧೆಯಾಗಿದೆ. ಟ್ರೇಲರ್ ಹಚ್ಚಿದ ಟ್ರ್ಯಾಕ್ಟರನ್ನು ಗೊತ್ತುಮಾಡಿದ ದೂರ ಹಿಮ್ಮುಖವಾಗಿ ಓಡಿಸಬೇಕು. ಕಡಿಮೆ ಹೊತ್ತಿನಲ್ಲಿ ಮುಟ್ಟಿಸಿದವನು ಗೆದ್ದ. ಎತ್ತಿನ ಗಾಡಿಯ ಶರ್ಯತ್ತಿಗೆ ಸೇರುವಷ್ಟೇ ಜನ ಇದಕ್ಕೂ ಸೇರುತ್ತಾರೆ, ಸೀಟಿ ಹೊಡೆಯುತ್ತಾರೆ. ಆ ಹುಡುಗರು ಅಲ್ಲಿ ಬಿಡಿಸುತ್ತಿರುವ ಲೆಕ್ಕವನ್ನೇ ಜಗತ್ತಿನ ನಿಯಂತ್ರಣ ಶಾಸ್ತ್ರಜ್ಞರು ದಶಕಗಳಿಂದ ಬಿಡಿಸುತ್ತಿದ್ದಾರೆಂಬುದು ನೆರೆದವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ.

ಕಲಿಯುವವನಿಗೆ ಮೊದಲು ಹೇಳುವ ಪಾಠ ‘ಉಲ್ಟಾ ತಿರುಗಿಸು’ ಎಂಬುದು. ರಿವರ್ಸ್‌ನಲ್ಲಿ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರೆ ಟ್ರ್ಯಾಕ್ಟರಿನ ಹಿಂಭಾಗ ಬಲಕ್ಕೆ ಸರಿಯುತ್ತದೆ. ಅದರೊಂದಿಗೆ ಹುಕ್ಕೂ ಬಲಕ್ಕೆ ಸರಿದು ಟ್ರೇಲರಿನ ಮೂತಿಯನ್ನು ಬಲಕ್ಕೆ ನೂಕುತ್ತದೆ. ಟ್ರೇಲರ್ ತನ್ನ ಗಾಲಿಗಳ ಮೇಲೆ ತಿರುಗಿ ಬಾಲವನ್ನು ಎಡಕ್ಕೆ ಚಾಚುತ್ತದೆ. ಸ್ಟೇರಿಂಗಿನ ಕೆಳತುದಿಯನ್ನು ಹಿಡಿದುಕೊಂಡರೆ ಈ ಗೊಂದಲ ಅರ್ಧ ಕಡಿಮೆಯಾಗುತ್ತದೆ: ಟ್ರೇಲರ್ ಯಾವ ಕಡೆ ಹೋಗಬೇಕೋ ಕೈ ಆ ಕಡೆ ಹೋದರಾಯಿತು. ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ನಿಜವಾದ ಕಷ್ಟ ಬೇರೆಯೇ ಇದೆ.

ಸ್ಟೇರಿಂಗನ್ನು ನೆಟ್ಟಗೆ ಹಿಡಿದು, ಒಂದಿಷ್ಟೂ ತಿರುಗಿಸದೆ, ಹಿಂದಕ್ಕೆ ಬನ್ನಿ. ಎರಡು ಗಾಲಿಯ ಟ್ರೇಲರ್, ಹುಕ್ಕಿನಿಂದ ಅಚ್ಚಿನವರೆಗೆ 4 ಮೀಟರ್ ಎಂದುಕೊಳ್ಳೋಣ. ಹೊರಡುವಾಗ ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಕೇವಲ 2 ಡಿಗ್ರಿಯ ಓರೆ ಇದೆ. ಕಣ್ಣಿಗೆ ಅದು ಓರೆಯೇ ಅಲ್ಲ. 4 ಮೀಟರ್ ಹಿಂದೆ ಬರುವಷ್ಟರಲ್ಲಿ ಅದು ಸುಮಾರು 5 ಡಿಗ್ರಿ. 8 ಮೀಟರಿಗೆ 15, 12 ಮೀಟರಿಗೆ 39. 16ನೇ ಮೀಟರಿನಲ್ಲಿ 87 ಡಿಗ್ರಿ, ಅಂದರೆ ಟ್ರೇಲರ್ ಅಡ್ಡಲಾಗಿ ನಿಂತು ಬಿಟ್ಟಿದೆ. ಅಷ್ಟೂ ಹೊತ್ತು ಡ್ರೈವರ್ ಸ್ಟೇರಿಂಗ್ ಅಲುಗಿಸಿಯೇ ಇಲ್ಲ!

ಟ್ರೇಲರ್ ತನ್ನ ಉದ್ದದಷ್ಟು ಹಿಂದೆ ಸರಿದಾಗಲೆಲ್ಲ ಸಣ್ಣ ಓರೆ ಸುಮಾರು 2.7 ಪಟ್ಟಾಗುತ್ತದೆ. ಮುಂದಕ್ಕೆ ಎಳೆಯುವಾಗ ನಡೆಯುವುದು ಇದೇ ಲೆಕ್ಕ, ತಿರುವುಮುರುವಾಗಿ: ಪ್ರತಿ ಉದ್ದಕ್ಕೂ ಓರೆ 2.7ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಹೀಗಾಗಿ ಮುಂದೆ ಹೋಗುವ ಟ್ರೇಲರ್ ತಾನಾಗಿಯೇ ಸಾಲಿಗೆ ಬರುತ್ತದೆ, ಡ್ರೈವರ್ ಅದನ್ನು ಮರೆತರೂ ನಡೆದೀತು. ಹಿಂದೆ ಬರುವಾಗ ಮರೆಯುವ ಹಾಗಿಲ್ಲ. ಅಂಗೈ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸುವ ಆಟವೂ ಹೀಗೆಯೇ. ವಾಲಿದಷ್ಟೂ ಹೆಚ್ಚು ಬೇಗ ವಾಲುತ್ತದೆ. ಉದ್ದನೆಯ ಕೋಲನ್ನು ನಿಲ್ಲಿಸುವುದು ಸುಲಭ, ಗಿಡ್ಡ ಕೋಲು ಕೈಗೆ ಸಿಗುವುದಿಲ್ಲ. ಟ್ರೇಲರಿನದೂ ಅದೇ ಗುಣ. ಹೆದ್ದಾರಿಯ ಉದ್ದನೆಯ ಕಂಟೇನರ್ ಲಾರಿಯಲ್ಲಿ ಕೀಲಿನಿಂದ ಅಚ್ಚಿಗೆ 9 ಮೀಟರ್ ಇದ್ದರೆ ಅದೇ 2 ಡಿಗ್ರಿ 87 ಆಗಲು 36 ಮೀಟರ್ ಬೇಕು. ಗೋದಾಮಿನ ಡಾಕಿಗೆ ಆ ಲಾರಿ ಹಚ್ಚುವುದನ್ನು ದೂರದಿಂದ ನೋಡಿ ಬೆರಗಾಗುತ್ತೇವೆ. ಆದರೆ ಓರೆ ಬೆಳೆಯುವ ವೇಗವೊಂದನ್ನೇ ನೋಡಿದರೆ ಜೀಪಿನ ಹಿಂದಿನ ಪುಟಾಣಿ ಟ್ರೇಲರ್ ಅದಕ್ಕಿಂತ ದೊಡ್ಡ ತರಲೆ.

ಇನ್ನೊಂದು ಮಾತು. ಓರೆ ಬೆಳೆಯುವುದು ಕ್ರಮಿಸಿದ ದೂರದ ಮೇಲೆ, ಕಳೆದ ಹೊತ್ತಿನ ಮೇಲಲ್ಲ. ಹಿರಿಯ ಡ್ರೈವರುಗಳು ‘ಸಾವಕಾಶ ಬಾ’ ಎನ್ನುವುದರ ಹಿಂದೆ ಇರುವುದು ಇದೇ. ನಿಧಾನವಾಗಿ ಬಂದರೆ ಟ್ರೇಲರ್ ಸುಧಾರಿಸುವುದಿಲ್ಲ. ಡ್ರೈವರನಿಗೆ ಯೋಚಿಸಲು ಪುರಸೊತ್ತು ಸಿಗುತ್ತದೆ, ಅಷ್ಟೇ.

ಓರೆ ಕಂಡೊಡನೆ ಏನು ಮಾಡಬೇಕು? ಟ್ರೇಲರಿನ ಬಾಲ ಯಾವ ಕಡೆ ಹೊರಳಿ ಕಾಣುತ್ತದೋ ಆ ಕಡೆಗೇ ಸ್ಟೇರಿಂಗ್ ಕೊಡಬೇಕು. ಅದನ್ನೂ ಬೇಗ ಕೊಡಬೇಕು, ಸ್ವಲ್ಪವೇ ಕೊಡಬೇಕು, ಕೊಟ್ಟಿದ್ದನ್ನು ಆಮೇಲೆ ವಾಪಸು ತೆಗೆದುಕೊಳ್ಳಬೇಕು. ಹೊಸಬರು ಎಡವುವುದು ಈ ಮೂರನೆಯದರಲ್ಲಿ. ಟ್ರೇಲರ್ ಸಾಲಿಗೆ ಬಂತೆಂದು ಕಣ್ಣಿಗೆ ಕಂಡ ಮೇಲೆ ಸ್ಟೇರಿಂಗ್ ಬಿಚ್ಚಿದರೆ ತಡವಾಯಿತು, ಅಷ್ಟರಲ್ಲಿ ಅದು ಆಚೆ ಕಡೆಗೆ ಓರೆಯಾಗಿರುತ್ತದೆ. ಹೀಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾವಿನಂತೆ ಹೊರಳಿ ಕೊನೆಗೆ ಮಡಚಿಕೊಳ್ಳುತ್ತದೆ. ಹಿಂದೆ ನಿಂತು ‘ಬರ್ಲಿ, ಬರ್ಲಿ’ ಎನ್ನುತ್ತಿದ್ದವನು ಆಗ ಎರಡೂ ಕೈ ಎತ್ತುತ್ತಾನೆ: ‘ತಮ್ಮಾ, ಮುಂದ ತುಗೋ. ನೆಟ್ಟಗ ಮಾಡ್ಕೊಂಡು ಮತ್ತ ಬಾ.’ ಇದಕ್ಕೆ ನಾಚಿಕೊಳ್ಳುವ ಡ್ರೈವರುಗಳಿದ್ದಾರೆ. ನಾಚಿಕೆಯೇಕೆ? ಓರೆಯನ್ನು ಕಳೆಯಲು ನಿಸರ್ಗ ಕೊಟ್ಟಿರುವ ಪುಕ್ಕಟೆ ಉಪಾಯ ಅದು.

ಕೆಲವು ಗಾಡಿಗಳಲ್ಲಿ ಬೇರೆ ಉಪಾಯವೇ ಇರುವುದಿಲ್ಲ. ಜೀಪಿನ ಹಿಂದಿನ ಅಚ್ಚು 4 ಮೀಟರ್ ತ್ರಿಜ್ಯದ ಸುತ್ತಿಗಿಂತ ಬಿಗಿಯಾಗಿ ತಿರುಗಲಾರದು ಎಂದಿಟ್ಟುಕೊಳ್ಳಿ. ಟ್ರೇಲರ್ 2 ಮೀಟರ್. ಓರೆ 30 ಡಿಗ್ರಿ ದಾಟಿತೆಂದರೆ ಸ್ಟೇರಿಂಗನ್ನು ಕೊನೆಯ ತನಕ ತಿರುಗಿಸಿದರೂ ಹಿಂದೆ ಬರುತ್ತಲೇ ಅದನ್ನು ಸರಿಪಡಿಸಲಾಗದು. ಟ್ರ್ಯಾಕ್ಟರಿನ ಪುಣ್ಯ ಇಲ್ಲಿದೆ. ಅದರ ಮುಂಗಾಲಿಗೂ ಹಿಂಗಾಲಿಗೂ ನಡುವಿನ ಅಂತರ ಸುಮಾರು 2 ಮೀಟರ್ ಮಾತ್ರ. ಮುಂಗಾಲಿ 45 ಡಿಗ್ರಿ ಹೊರಳಿದರೆ ತಿರುವಿನ ತ್ರಿಜ್ಯವೂ 2 ಮೀಟರಿನ ಆಸುಪಾಸು. 4 ಮೀಟರಿನ ಟ್ರೇಲರನ್ನು ಅದು ಎಂಥ ಓರೆಯಿಂದಲೂ ಎಳೆದು ತರಬಲ್ಲದು, ಟ್ರೇಲರಿನ ಚೌಕಟ್ಟು ದೊಡ್ಡ ಗಾಲಿಗೆ ತಾಗುವವರೆಗೂ. ಸಾಲದ್ದಕ್ಕೆ ಟ್ರ್ಯಾಕ್ಟರಿಗೆ ಎಡಗಾಲಿಗೊಂದು, ಬಲಗಾಲಿಗೊಂದು ಬೇರೆ ಬೇರೆ ಬ್ರೇಕ್ ಪೆಡಲ್ ಇವೆ. ಒಂದನ್ನಷ್ಟೇ ಒತ್ತಿದರೆ ಆ ಗಾಲಿಯ ಸುತ್ತಲೇ ಇಂಜಿನ್ ಗಿರಕಿ ಹೊಡೆಯುತ್ತದೆ. ಉಳುಮೆಯ ಸಾಲಿನ ಕೊನೆಗೆ ತಿರುಗಲೆಂದು ಕೊಟ್ಟ ಸೌಕರ್ಯ ಇದು. ಲಾರಿಯಿಂದ ಆಗದ ಕಸರತ್ತು ಟ್ರ್ಯಾಕ್ಟರಿನಿಂದ ಆಗುವುದರಲ್ಲಿ ಡ್ರೈವರನ ಕೈಚಳಕದಷ್ಟೇ ಯಂತ್ರದ ಗಿಡ್ಡತನದ ಪಾಲೂ ಇದೆ.

ಈಗ ಎರಡನೆಯ ಟ್ರೇಲರ್ ಹಚ್ಚಿ. ಪ್ರತಿ ಕೀಲೂ ದಿಕ್ಕನ್ನು ಒಮ್ಮೆ ಉಲ್ಟಾ ಮಾಡುವುದರಿಂದ ಬಲಕ್ಕೆ ತಿರುಗಿಸಿದರೆ ಮೊದಲ ಟ್ರೇಲರ್ ಎಡಕ್ಕೆ, ಎರಡನೆಯದು ಮತ್ತೆ ಬಲಕ್ಕೆ. ಎರಡನೆಯದನ್ನು ತಿದ್ದಬೇಕೆಂದರೆ ಮೊದಲನೆಯದನ್ನು ಬೇಕೆಂದೇ ಕೆಡಿಸಬೇಕು, ಕೆಡಿಸಿದ್ದನ್ನು ಸರಿಯಾದ ಹೊತ್ತಿಗೆ ರಿಪೇರಿ ಮಾಡಬೇಕು. ನಾಲ್ಕು ಗಾಲಿಯ ಟ್ರೇಲರಾದರೆ ಮುಂದಿನ ಅಚ್ಚೂ ತಿರುಗುತ್ತದೆ, ಅಂದರೆ ಒಂದು ಟ್ರೇಲರಿಗೇ ಎರಡು ಕೀಲು. ಹುಕ್ಕಿನಿಂದ ಆ ಅಚ್ಚಿನವರೆಗಿನ 2 ಮೀಟರ್ ತುಂಡು ಲೆಕ್ಕದಲ್ಲಿ ಒಂದು ಗಿಡ್ಡ ಟ್ರೇಲರೇ. 2 ಡಿಗ್ರಿ ಓರೆ ಬರೀ 8 ಮೀಟರಿನಲ್ಲಿ ಅಡ್ಡಲಾಗುತ್ತದೆ. ಅಂಥ ಎರಡು ಟ್ರೇಲರ್ ಎಂದರೆ ನಾಲ್ಕು ಕೀಲು, ಕೈಯಲ್ಲಿರುವುದು ಒಂದೇ ಸ್ಟೇರಿಂಗ್. ಎಷ್ಟೇ ಟ್ರೇಲರ್ ಇರಲಿ, ಹಿಂದೆ ಮುಂದೆ ಆಡಿಸುತ್ತ ಅವನ್ನು ಬೇಕಾದ ಜಾಗಕ್ಕೆ ಬೇಕಾದ ಭಂಗಿಯಲ್ಲಿ ತರಲು ಸಾಧ್ಯವೆಂದು ಫ್ರಾನ್ಸಿನ ಜಾನ್-ಪಾಲ್ ಲೋಮೊಂ 1990ರ ದಶಕದ ಆರಂಭದಲ್ಲಿ ಗಣಿತದಲ್ಲಿ ಸಾಧಿಸಿ ತೋರಿಸಿದರು. ಸಾಧ್ಯ ಎಂಬುದಷ್ಟೇ ಸಾಧನೆ. ಬದುವಿನ ಅಗಲ ಸಾಲುತ್ತದೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ.

ಕಂಪ್ಯೂಟರಿಗೆ ಇದನ್ನು ಕಲಿಸಿದ ಕಥೆ ಸ್ವಾರಸ್ಯದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೆರಿಕ್ ನೂಯೆನ್ ಮತ್ತು ಬರ್ನಾರ್ಡ್ ವಿಡ್ರೊ 1989ರಲ್ಲಿ, ಕಂಪ್ಯೂಟರಿನೊಳಗಿನ ಟ್ರೇಲರ್ ಲಾರಿಯೊಂದನ್ನು ಡಾಕಿಗೆ ಹಚ್ಚುವ ಕೆಲಸವನ್ನು ನರಜಾಲಕ್ಕೆ ವಹಿಸಿದರು. ಮುಂದೆ ತೆಗೆದುಕೊಳ್ಳುವ ಅವಕಾಶ ಅದಕ್ಕಿರಲಿಲ್ಲ, ಹಿಂದಕ್ಕೇ ಬರಬೇಕು. ಅವರು ಎರಡು ಜಾಲ ಕಟ್ಟಿದರು. ಈಗ ಹೀಗೆ ತಿರುಗಿಸಿದರೆ ಮರುಕ್ಷಣ ಲಾರಿ ಎಲ್ಲಿರುತ್ತದೆ ಎಂಬುದನ್ನು ಮೊದಲನೆಯದು ಕಲಿಯಿತು. ಅದನ್ನು ಆಧಾರ ಮಾಡಿಕೊಂಡು ಹೇಗೆ ತಿರುಗಿಸಬೇಕೆಂಬುದನ್ನು ಎರಡನೆಯದು. ಪಾಠ ಶುರುವಾದದ್ದು ಡಾಕಿನ ಹತ್ತಿರ, ಲಾರಿ ಹೆಚ್ಚುಕಡಿಮೆ ನೆಟ್ಟಗಿರುವ ಸುಲಭದ ಸ್ಥಿತಿಯಿಂದ. ಬರಬರುತ್ತ ದೂರ ಹೆಚ್ಚಿತು, ಓರೆ ಹೆಚ್ಚಿತು. ಸಾವಿರಾರು ಸಲ ತಪ್ಪಿದ ಮೇಲೆ ಅದು ಹಿಂದೆಂದೂ ಕಾಣದ ಜಾಗದಿಂದಲೂ ಲಾರಿಯನ್ನು ತಂದು ಹಚ್ಚಿತು. ನಮ್ಮ ಹುಡುಗರು ಕಲಿಯುವ ಕ್ರಮವೂ ಇದೇ ಅಲ್ಲವೇ? ಮೊದಲು ಖಾಲಿ ಬಯಲು, ಒಂದೇ ಟ್ರೇಲರ್, ಆಮೇಲೆ ಬದು. ಒಂದೇ ವ್ಯತ್ಯಾಸ, ಅಷ್ಟು ಸಾವಿರ ಸಲದ ಡೀಸೆಲ್ಲಿಗೆ ಮಾಲೀಕ ಒಪ್ಪುವುದಿಲ್ಲ.

ಜಾತ್ರೆಯ ಸ್ಪರ್ಧೆ ಈ ಲೆಕ್ಕವನ್ನು ಇನ್ನೂ ಬಿಗಿಮಾಡುತ್ತದೆ. ಹೊಲದಲ್ಲಿ ಸೆಕೆಂಡಿಗೆ ಅರ್ಧ ಮೀಟರಿನಂತೆ ಬಂದರೆ ನಾಲ್ಕು ಗಾಲಿಯ ಟ್ರೇಲರಿನ ಆ 2 ಮೀಟರ್ ತುಂಡಿನ ಓರೆ 2.7 ಪಟ್ಟಾಗಲು 4 ಸೆಕೆಂಡ್ ಇದೆ. ಸೆಕೆಂಡಿಗೆ 3 ಮೀಟರ್, ಅಂದರೆ ಗಂಟೆಗೆ ಸುಮಾರು 11 ಕಿ.ಮೀ. ವೇಗದಲ್ಲಿ ಬಂದರೆ ಉಳಿಯುವುದು ಒಂದು ಸೆಕೆಂಡಿನ ಮೂರರಲ್ಲಿ ಎರಡು ಪಾಲು. ಕಣ್ಣು ನೋಡಿ, ಮೆದುಳು ತೀರ್ಮಾನಿಸಿ, ಕೈ ಸ್ಟೇರಿಂಗ್ ತಿರುಗಿಸುವುದರಲ್ಲೇ ಹೆಚ್ಚುಕಡಿಮೆ ಅಷ್ಟು ಹೊತ್ತು ಹೋಗುತ್ತದೆ. ಆ ವೇಗದಲ್ಲಿ ಓರೆಯನ್ನು ಕಂಡು ತಿದ್ದುವವನು ಸೋತ ಹಾಗೆಯೇ. ಬರಲಿರುವ ಓರೆಯನ್ನು ಮೊದಲೇ ಊಹಿಸಿ ಕೈ ಆಡಿಸಬೇಕು. ಸ್ಟ್ಯಾನ್‌ಫರ್ಡಿನ ಮೊದಲ ಜಾಲ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಸೀಟಿನಲ್ಲಿ ಕೂತವನ ತಲೆ ಮಾಡುತ್ತಿರುತ್ತದೆ. ಊಹೆ ತಪ್ಪಿದಾಗ ಟ್ರೇಲರ್ ಯಾವ ಬದಿಗೆ ಮಡಚೀತೆಂದು ಅವನಿಗೂ ಮೊದಲೇ ಗೊತ್ತಾಗುವುದಿಲ್ಲ. ಫೋನ್ ಹಿಡಿದು ಓಟದ ಪಟ್ಟಿಯ ಅಂಚಿಗೇ ಬಂದು ನಿಲ್ಲುವ ಪ್ರೇಕ್ಷಕರನ್ನು ಸಂಘಟಕರು ಎರಡೂ ಬದಿಯಲ್ಲಿ ಕಡೇಪಕ್ಷ ಒಂದು ಟ್ರೇಲರಿನ ಉದ್ದದಷ್ಟಾದರೂ ಆಚೆ ನಿಲ್ಲಿಸಲೇಬೇಕು.